ಹುಳುಮನೆಯಲ್ಲಿ ರೆಕಾರ್ಡ್ ಆಗದ ದನಿ

ದೆವ್ವ ನೋಡಿದೆ ಎಂದು ಹೇಳುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ವಿಜ್ಞಾನ ಓದಿ ಹಾಗಾದೆ ಎಂದು ಹೇಳಿಕೊಳ್ಳಲಾರೆ, ನಾನು ಅಷ್ಟೇನೂ ಓದಿದವನಲ್ಲ. ಚಿಕ್ಕಬಳ್ಳಾಪುರದಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೋಗಳಿಗೆ ಸೌಂಡ್ ನೋಡಿಕೊಳ್ಳುವುದು ನನ್ನ ಕೆಲಸ. ಬಿಡುವು ಸಿಕ್ಕಾಗ ಗೆಳೆಯ ಚೇತನ್ ಜೊತೆ ಸೇರಿ ಹತ್ತು ಹನ್ನೆರಡು ನಿಮಿಷದ ಹಾರರ್ ಕಿರುಚಿತ್ರಗಳನ್ನು ಮಾಡುತ್ತಿದ್ದೆ. ಕ್ಯಾಮೆರಾ, ಲೈಟು, ನಿರ್ದೇಶನ ಅವನದು. ಸದ್ದು ನನ್ನದು. ಮೂಳೆ ಮುರಿಯುವ ಸದ್ದಿಗಾಗಿ ಅಡುಗೆಮನೆಯಲ್ಲಿ ಕೂತು ಮೂಲಂಗಿ ಮುರಿದವನು ದೆವ್ವಕ್ಕೆ ಹೆದರುವುದು ಹೇಗೆ?

ಹೆದರಿಕೆಯನ್ನು ತಯಾರಿಸುವುದು ಅಂಥ ಕಷ್ಟವೇನಲ್ಲ. ಪಾತ್ರವನ್ನು ಚೌಕಟ್ಟಿನ ಒಂದು ಅಂಚಿಗೆ ಕೂರಿಸಿ, ಉಳಿದ ಜಾಗವನ್ನು ಖಾಲಿ ಬಿಟ್ಟು, ಕ್ಯಾಮೆರಾ ಅಲ್ಲಾಡಿಸದೆ ಇಟ್ಟರೆ ಸಾಕು. ನೋಡುವವನ ಕಣ್ಣು ತಾನಾಗಿಯೇ ಆ ಖಾಲಿ ಜಾಗಕ್ಕೆ ಹೋಗುತ್ತದೆ, ಅಲ್ಲಿ ಯಾರೋ ಬರಬೇಕು ಎಂದು ಕಾಯುತ್ತದೆ. ಬೆಳಕನ್ನು ಯಾರ ಗಮನಕ್ಕೂ ಬಾರದಷ್ಟು ನಿಧಾನವಾಗಿ ಇಳಿಸಬೇಕು. ಸದ್ದುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಬೇಕು: ಮೊದಲು ದೂರದ ಗಾಡಿ, ಆಮೇಲೆ ಹಕ್ಕಿ, ಆಮೇಲೆ ಗಾಳಿ. ಏನೂ ಕೇಳದಿದ್ದಾಗ ಕಿವಿ ತಾನೇ ಮುಂದೆ ಬಾಗುತ್ತದೆ. ಆಗ ಒಂದು ಚಮಚ ಬಿದ್ದರೂ ಜನ ಕುರ್ಚಿಯಿಂದ ಎದ್ದುಬಿಡುತ್ತಾರೆ. ಇದನ್ನೆಲ್ಲ ಕೈಯಾರೆ ಮಾಡಿದವನಾದ್ದರಿಂದ, ಮುಂದೆ ಹೇಳುವುದನ್ನು ಎಷ್ಟು ಎಚ್ಚರಿಕೆಯಿಂದ ಹೇಳಬೇಕೆಂಬುದು ನನಗೆ ಗೊತ್ತು. ನಾನು ಕೇಳಿದ್ದು, ನೋಡಿದ್ದು, ಬೇರೆಯವರು ಹೇಳಿದ್ದು, ಮೂರನ್ನೂ ಬೆರೆಸದೆ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ ರಜೆ. ಶಿಡ್ಲಘಟ್ಟದ ಆಚೆ ಒಂದು ಹಳ್ಳಿಯಲ್ಲಿ ಚೇತನ್ ಒಂದು ಹಳೆಯ ಹುಳುಮನೆಯನ್ನು ಹುಡುಕಿದ್ದ. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಒಂಟಿ ಕೋಣೆಯ ಮನೆ ಅದು. ದಪ್ಪ ಮಣ್ಣಿನ ಗೋಡೆ, ನೊಣ ನುಗ್ಗದಂತೆ ಬಲೆ ಬಡಿದ ಪುಟ್ಟ ಕಿಟಕಿಗಳು, ಒಂದೇ ಬಾಗಿಲು. ಮಾಲೀಕ ಆಂಜಿನಪ್ಪ ಹೊಸ ಶೆಡ್ ಕಟ್ಟಿಸಿಕೊಂಡ ಮೇಲೆ ಅದು ಖಾಲಿ ಬಿದ್ದಿತ್ತು. ಕಿಟಕಿಗಳಿಗೆ ಕಪ್ಪು ಬಟ್ಟೆ ಬಡಿದರೆ ಮಟಮಟ ಮಧ್ಯಾಹ್ನವೂ ಅಲ್ಲಿ ನಡುರಾತ್ರಿ. ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ ಇತ್ತು. ಒಳಗೇಕಿಲ್ಲ ಎಂದು ಕೇಳಿದ್ದಕ್ಕೆ ಆಂಜಿನಪ್ಪ, "ಹುಳ ಏನು ಒಳಗಿಂದ ಚಿಲಕ ಹಾಕ್ಕೊಂಡು ಮಲಗ್ತಾವಾ ಸಾರ್?" ಎಂದು ನಕ್ಕರು. ಇಲ್ಲಿ ದೆವ್ವಗಿವ್ವ ಇದೆಯಾ ಎಂದು ಚೇತನ್ ತಮಾಷೆಗೆ ಕೇಳಿದ. "ಕರೆಂಟೇ ಸರಿಯಾಗಿ ಬರಲ್ಲಪ್ಪ ಈ ಊರಿಗೆ, ದೆವ್ವ ಎಲ್ಲಿಂದ ಬರ್ತದೆ?" ಎಂದರು.

ಚಿತ್ರದಲ್ಲಿದ್ದದ್ದು ಒಂದೇ ಪಾತ್ರ. ಅದಕ್ಕೆ ಬಂದವರು ಪದ್ಮ, ಚಿಂತಾಮಣಿಯ ಒಂದು ಖಾಸಗಿ ಶಾಲೆಯ ಟೀಚರ್. ಶಾಲೆಯ ನಾಟಕಗಳನ್ನು ಮಾಡಿಸಿ ಅಭ್ಯಾಸವಿದ್ದವರು, ಕ್ಯಾಮೆರಾ ಮುಂದೆ ನಿಂತದ್ದು ಅದೇ ಮೊದಲು. ಮೊದಲ ದಿನವೇ ಅವರು ಒಂದು ಮಾತು ಹೇಳಿದ್ದರು. "ಕತ್ತಲೆ ರೂಮಲ್ಲಿ ಬಾಗಿಲು ಹಾಕಿದ್ರೆ ನನಗೆ ಉಸಿರು ಕಟ್ಟುತ್ತೆ. ಚಿಕ್ಕ ವಯಸ್ಸಿಂದಾನೂ ಹಂಗೇ. ಬಾಗಿಲು ಎಳೆದುಕೊಳ್ಳಿ ಸಾಕು, ಚಿಲಕ ಮಾತ್ರ ಹಾಕ್ಬೇಡಿ." ಚೇತನ್, "ಅಯ್ಯೋ ಮೇಡಂ, ನಾವೇನು ಕಟುಕರಾ?" ಎಂದ. ಅವರೂ ನಕ್ಕರು. ಆ ಮಾತಿನ ಮೇಲೆ ನಂಬಿಕೆ ಇಟ್ಟೇ ಒಳಗೆ ಹೋದರು.

ಎರಡನೆಯ ದಿನ ಊಟವಾದ ಮೇಲೆ ಕೊನೆಯ ದೃಶ್ಯ. ಪದ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂರಬೇಕು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ನೆಲಕ್ಕೆ ಹತ್ತಿರ, ತಾನಾಗಿ ಓಡುತ್ತಿರುತ್ತದೆ. ಚೌಕಟ್ಟಿನ ಬಲ ಅಂಚಿಗೆ ಅವರು, ಎಡಕ್ಕೆಲ್ಲ ಖಾಲಿ. ದೀಪ ನಿಧಾನವಾಗಿ ಇಳಿಯುತ್ತದೆ, ಪೂರ್ತಿ ಆರುವ ಮೊದಲು ಅವರು ಎದ್ದು ಬಾಗಿಲು ತಳ್ಳಿ ಹೊರಬರಬೇಕು. ಅವರ ಸೀರೆಯ ಮಡಿಕೆಯಲ್ಲಿ ಪುಟ್ಟ ಮೈಕ್ ಸಿಕ್ಕಿಸಿದ್ದೆ. ನಾನು ಹೊರಗೆ ಜಗುಲಿಯ ಮೇಲೆ ರೆಕಾರ್ಡರ್ ಇಟ್ಟುಕೊಂಡು, ಹೆಡ್‌ಫೋನ್ ಹಾಕಿ ಕೂತೆ. ಚೇತನ್ ಪಕ್ಕದಲ್ಲಿ, ಕ್ಯಾಮೆರಾದ ಚಿತ್ರ ತೋರಿಸುವ ಸಣ್ಣ ಪರದೆಯ ಮುಂದೆ. ಆಂಜಿನಪ್ಪ ಹುಣಸೆಮರದ ಕೆಳಗಿದ್ದರು. ಒಳಗೆ ಪದ್ಮ ಬಿಟ್ಟು ಬೇರೆ ಯಾರೂ ಇರಲಿಲ್ಲ. ಮೈಕ್ ಸಿಕ್ಕಿಸಿ ಕೊನೆಗೆ ಹೊರಬಂದವನು ನಾನೇ ಆದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ದೀಪ ಇಳಿಯಲು ತೊಡಗಿತು. ಪದ್ಮ ಎದ್ದು ಬಾಗಿಲು ತಳ್ಳಿದರು. ಅದು ತೆರೆಯಲಿಲ್ಲ. ಯಾವಾಗಲೋ ಚೇತನ್ ಸದ್ದಿಲ್ಲದೆ ಚಿಲಕ ಹಾಕಿದ್ದ. ಕೈಯಲ್ಲಿದ್ದ ರಿಮೋಟಿನಿಂದ ದೀಪವನ್ನೂ ಪೂರ್ತಿ ಆರಿಸಿದ. ಕಿಟಕಿಯ ಬಟ್ಟೆಯ ಸಂದಿನಿಂದ ಬರುತ್ತಿದ್ದ ಒಂದು ಗೆರೆ ಬೆಳಕು ಮಾತ್ರ ಉಳಿಯಿತು. ನಾನು ಅವನ ಕಡೆ ತಿರುಗಿದೆ. "ಆಕ್ಟಿಂಗ್ ಬೇಡ ಗುರೂ, ನಿಜ ಬೇಕು. ಸುಮ್ನೆ ಕೂತ್ಕೋ" ಎಂದು ಪಿಸುಗುಟ್ಟಿದ.

ಹೆಡ್‌ಫೋನಿನಲ್ಲಿ ಪದ್ಮ ಬಾಗಿಲು ಬಡಿಯುವುದು ಕೇಳಿತು. ಉಸಿರು ಮೇಲೆ ಮೇಲೆ ಹೋಗುತ್ತಿತ್ತು. ಹಾಗೇ ಗೋಡೆಗುಂಟ ಜಾರಿ ಕೂತಿರಬೇಕು, ಸೀರೆ ಮಣ್ಣಿಗೆ ಉಜ್ಜಿದ ಸದ್ದು ಬಂತು. ಅದಾದ ಮೇಲೆ ಇನ್ನೊಂದು ಉಸಿರು ಕೇಳಿತು. ನಿಧಾನದ, ವಯಸ್ಸಾದವರ ಉಸಿರು. "ಭಯಪಡವದ್ದಮ್ಮಾ" ಎಂದಿತು ಒಂದು ಹೆಂಗಸಿನ ದನಿ. ನಮ್ಮ ಕಡೆ ಅರ್ಧ ಮನೆಗಳಲ್ಲಿ ಆಡುವ ತೆಲುಗು, ಹೆದರಬೇಡ ಎಂದು ಸಮಾಧಾನ ಮಾಡುವ ಮಾತು. ಬಳಿಕ, ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಕೇಳುವಂತೆ, "ಏ ಊರಮ್ಮಾ ಮೀದಿ?" ಎಂದು ಊರು ಕೇಳಿತು.

"ಚಿಂತಾಮಣಿ" ಎಂದರು ಪದ್ಮ.

ಮಕ್ಕಳೆಷ್ಟು ಎಂದು ಕೇಳಿತು. "ಒಬ್ಳೇ ಮಗಳು." ಏನು ಓದುತ್ತಾಳೆ ಎಂದು ಕೇಳಿತು. "ಎರಡನೇ ಕ್ಲಾಸು." ಪದ್ಮರ ಉಸಿರು ಆಗಲೇ ಇಳಿಯುತ್ತಿತ್ತು. ಆ ದನಿಯ ಮುಂದಿನ ಮಾತು ನನಗೆ ಅಸ್ಪಷ್ಟ. ಅದಕ್ಕೆ ಅವರು, "ಇಲ್ಲಮ್ಮ, ಊಟ ಆಗಿದೆ" ಎಂದರು.

ನಾನು ಹೆಡ್‌ಫೋನ್ ಕಿತ್ತು ಬಾಗಿಲಿಗೆ ಓಡಿದೆ. ಚೇತನ್ ಅಡ್ಡ ನಿಂತ. "ಇನ್ನೊಂಚೂರು ಇರೋ, ಬಂಗಾರ ಸಿಗ್ತಾ ಇದೆ!" ಎಂದ. ಅವನನ್ನು ತಳ್ಳಿ ಚಿಲಕ ತೆಗೆಯುವಷ್ಟರಲ್ಲಿ ಒಂದಷ್ಟು ಹೊತ್ತು ಹೋಯಿತು. ಆ ಹೊತ್ತಿನಲ್ಲಿ ಒಳಗೆ ನಡೆದದ್ದನ್ನು ನಾನು ಕೇಳಲಿಲ್ಲ.

ಪದ್ಮ ಅಳದೆ, ಗಾಬರಿಯಿಲ್ಲದೆ ಹೊರಗೆ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹಿಂದೆ ತಿರುಗಿ ನೋಡಿ, "ಆ ಅಜ್ಜೀನೂ ಕರೀರಿ, ಇನ್ನೂ ಒಳಗೇ ಇದಾರೆ" ಎಂದರು. ನಾನು ಒಳಗೆ ಹೋದೆ. ಕಿಟಕಿಗಳ ಬಟ್ಟೆಯನ್ನೆಲ್ಲ ಕಿತ್ತೆ. ಕ್ಯಾಮೆರಾ, ಸ್ಟ್ಯಾಂಡು, ಆರಿದ ದೀಪ, ಅಷ್ಟೇ. ಆಂಜಿನಪ್ಪ ಹೊಸ್ತಿಲಾಚೆಯೇ ನಿಂತು ನೋಡಿದರು. ಇಲ್ಲಿ ಯಾರಾದರೂ ವಯಸ್ಸಾದವರು ಇದ್ದರಾ ಎಂದು ಕೇಳಿದೆ. "ನಮ್ ತಾತನ ಕಾಲದ ಮನೆ ಸಾರ್. ಎಷ್ಟೋ ಜನ ಇದ್ರು" ಎಂದು ಹುಣಸೆಮರದ ಕಡೆ ನಡೆದುಬಿಟ್ಟರು. ಬೆಳಿಗ್ಗೆ ನಮ್ಮನ್ನು ನಗಿಸುತ್ತಿದ್ದ ಮನುಷ್ಯ ನಾವು ಹೊರಟಾಗ ಕೈ ಕೂಡ ಎತ್ತಲಿಲ್ಲ.

ಆ ಸಂಜೆ ರೆಕಾರ್ಡ್ ಆದದ್ದನ್ನು ಹಾಕಿ ಕೇಳಿದೆ. ಹೆಡ್‌ಫೋನಿಗೆ ಬರುವುದೂ ರೆಕಾರ್ಡರಿನ ಮೆಮೊರಿ ಕಾರ್ಡಿನಲ್ಲಿ ಉಳಿಯುವುದೂ ಒಂದೇ ಸದ್ದು, ಬೇರೆ ಬೇರೆ ಆಗಲು ದಾರಿಯೇ ಇಲ್ಲ. ಆದರೆ ಕಾರ್ಡಿನಲ್ಲಿ ಪದ್ಮರ ದನಿ ಮಾತ್ರ ಇತ್ತು. "ಚಿಂತಾಮಣಿ." ಖಾಲಿ. "ಒಬ್ಳೇ ಮಗಳು." ಖಾಲಿ. ಆ ಖಾಲಿಗಳಲ್ಲಿ ಆ ಇನ್ನೊಂದು ಉಸಿರು ಕೂಡ ಇರಲಿಲ್ಲ. ಚಿತ್ರದಲ್ಲಿ, ಆ ಮಂದ ಬೆಳಕಿನಲ್ಲಿ, ಪದ್ಮ ಚೌಕಟ್ಟಿನ ಖಾಲಿ ಎಡಭಾಗಕ್ಕೆ ತಿರುಗಿ ಕೂತಿದ್ದರು. ಅವರ ಕೈಬೆರಳುಗಳು ಯಾರದೋ ಕೈ ಹಿಡಿದಂತೆ ಮಡಿಚಿದ್ದವು. ಆ ಕಡೆ ಏನೂ ಕಾಣಲಿಲ್ಲ.

ಪದ್ಮ ಚೇತನ್‌ಗೆ ಬೈಯಲೂ ಇಲ್ಲ. ಕೇಳಿದ್ದು ಒಂದನ್ನೇ: "ಆ ಶಾಟ್ ಹಾಕ್ಬೇಡಿ. ಅದು ನನ್ನ ಪಾತ್ರ ಅಲ್ಲ, ಅದು ನಾನು." ನಾನೂ ಅದನ್ನೇ ಹೇಳಿದೆ, ಕೇಳಿದ್ದನ್ನೆಲ್ಲ ಅವನಿಗೆ ವಿವರಿಸಿದೆ. ಅವನು ಹೂಂ ಹೂಂ ಎಂದು ತಲೆಯಾಡಿಸಿದ.

ಶಾಟ್ ಹಾಕಿದ. ಚಿಕ್ಕಬಳ್ಳಾಪುರದ ಒಂದು ಸಭಾಂಗಣದಲ್ಲಿ ತೋರಿಸಿದಾಗ, "ಇಲ್ಲಮ್ಮ, ಊಟ ಆಗಿದೆ" ಎನ್ನುವ ಕಡೆ ಜನ ಉಸಿರು ಬಿಗಿ ಹಿಡಿದರು, ಮುಗಿದ ಮೇಲೆ ಶಿಳ್ಳೆ ಹೊಡೆದರು. ವೇದಿಕೆಯ ಮೇಲೆ ಚೇತನ್, "ನಮ್ಮ ಸೌಂಡ್ ಎಂಜಿನಿಯರ್ ಅಲ್ಲಿ ನಿಜವಾಗ್ಲೂ ದೆವ್ವದ ಮಾತು ಕೇಳಿಸಿಕೊಂಡ್ರು!" ಎಂದು ಮೈಕ್ ಹಿಡಿದು ಹೇಳಿದ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಚಿಲಕದ ವಿಷಯ ಹೇಳಲು ಹೋದರೆ, ಅದೂ ಪ್ರಚಾರದ ಭಾಗವೇ ಎಂದುಕೊಂಡು ಇನ್ನಷ್ಟು ತಟ್ಟಿದರು. ಪದ್ಮರ ಸುತ್ತ ಹೆಂಗಸರು, "ಏನು ಆಕ್ಟಿಂಗಮ್ಮಾ ನಿಂದು!" ಎನ್ನುತ್ತಿದ್ದರು. "ನಾನು ಆಕ್ಟ್ ಮಾಡ್ಲಿಲ್ಲ" ಎಂದು ಅವರು ಇಬ್ಬರು ಮೂವರಿಗೆ ಹೇಳಿದ್ದನ್ನು ನಾನೇ ಕೇಳಿದೆ. ಆಮೇಲೆ ಹೇಳುವುದನ್ನು ಬಿಟ್ಟರು. ಚೇತನ್ ಜೊತೆ ನನ್ನ ಮಾತು ಅಂದಿಗೇ ಮುಗಿಯಿತು. ಅವನು ಈಗಲೂ ಚಿತ್ರ ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಆಂಜಿನಪ್ಪ ಮಾತ್ರ ಫೋನ್ ಮಾಡಿ, "ಎಲ್ಲೂ ನಮ್ಮೂರ ಹೆಸರು ಎತ್ಬೇಡಿ ಸಾರ್, ಮನೇಲಿ ಮದುವೆಗೆ ಇರೋ ಹುಡುಗೀರಿದಾರೆ" ಎಂದು ಕೇಳಿಕೊಂಡರು. ಅದಕ್ಕೇ ಹಳ್ಳಿಯ ಹೆಸರು ಬರೆದಿಲ್ಲ.

ಈ ವರ್ಷ ಒಂದು ಮದುವೆಯ ಕೆಲಸಕ್ಕೆ ಚಿಂತಾಮಣಿಗೆ ಹೋದಾಗ ಪದ್ಮ ಛತ್ರದಲ್ಲಿ ಸಿಕ್ಕರು. ಊಟದ ಹಾಲ್ ಖಾಲಿಯಾಗುವವರೆಗೆ ಅದೂ ಇದೂ ಮಾತಾಡಿ, ಆಮೇಲೆ, "ಅಣ್ಣ, ಅವತ್ತು ನೀವು ಕೇಳಿದ್ದು ಏನು? ನಾನು ಏನೂ ಹೇಳಲ್ಲ, ಮೊದಲು ನೀವು ಹೇಳಿ" ಎಂದರು. ಊರು, ಮಗಳು, ಅವಳ ಓದು ಎಂದು ಹೇಳುತ್ತಾ ಹೋದೆ. ಪ್ರತಿಯೊಂದಕ್ಕೂ ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ತಮಗೆ ಹುಚ್ಚು ಹಿಡಿದಿಲ್ಲ ಎಂದು ಯಾರೋ ಒಬ್ಬರು ಹೇಳಲಿ ಅಂತ ಇಷ್ಟು ವರ್ಷ ಕಾದಿದ್ದರು ಅನ್ನಿಸಿತು.

ನನ್ನಲ್ಲೂ ಒಂದು ಪ್ರಶ್ನೆ ಉಳಿದಿತ್ತು. ಚೇತನ್ ಕತ್ತರಿಸಿದ ತುಣುಕೊಂದು, ಹೆಡ್‌ಫೋನ್ ತೆಗೆದ ಮೇಲೆ ರೆಕಾರ್ಡ್ ಆದದ್ದು, ನನ್ನ ಹತ್ತಿರ ಇನ್ನೂ ಇದೆ. ಅದರಲ್ಲಿ ಪದ್ಮ, "ಅಲ್ಲಮ್ಮ. ಫ್ರೆಂಡ್ಸು" ಎನ್ನುತ್ತಾರೆ. ಯಾವ ಮಾತಿಗೆ ಹಾಗಂದಿರಿ ಎಂದು ಕೇಳಿದೆ.

ಪದ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಬಡಿಸುವವರು ಎಲೆ ಎತ್ತುತ್ತಿದ್ದರು.

"‘ನಿನ್ನ ಒಳಗೆ ಹಾಕಿ ಚಿಲಕ ಹಾಕಿದ್ದು ಯಾರಮ್ಮಾ, ಅತ್ತೆನಾ, ಗಂಡನಾ?’ ಅಂತ ಕೇಳಿದ್ರು ಅಣ್ಣ" ಎಂದರು.