ಪಾರಿವಾಳಕ್ಕೆ ಕೊಟ್ಟ ಗಡುವು

ಪಾರಿವಾಳದಷ್ಟು ಕೆಟ್ಟದಾಗಿ ಮನೆ ಕಟ್ಟುವ ಹಕ್ಕಿ ಇನ್ನೊಂದಿರಲಾರದು. ಗೀಜಗ ನೇಯುತ್ತದೆ, ಮರಕುಟಿಗ ಕೊರೆಯುತ್ತದೆ, ಕಾಗೆಯಂಥ ಕಾಗೆಯೂ ತಂತಿ ಚೂರು, ಪೊರಕೆ ಕಡ್ಡಿ ಹೊಂದಿಸಿ ಮೊಟ್ಟೆ ಉರುಳದಂಥ ಗೂಡು ಮಾಡುತ್ತದೆ. ಪಾರಿವಾಳ ಮಾತ್ರ ಕಿಟಕಿಯ ಸಜ್ಜದ ಮೇಲೆ ಏಳೆಂಟು ಕಡ್ಡಿಗಳನ್ನು ಅಡ್ಡಾದಿಡ್ಡಿ ಒಗೆದು, ಗೃಹಪ್ರವೇಶ ಮುಗಿಯಿತೆಂದು ಮೊಟ್ಟೆ ಇಟ್ಟುಬಿಡುತ್ತದೆ. ನಾನು ಹರವೆಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು; ಇದನ್ನೆಲ್ಲ ಮಕ್ಕಳನ್ನು ನಗಿಸುತ್ತಾ ಪಾಠ ಮಾಡಿದವನು. ಆ ಕಡ್ಡಿಗಳನ್ನು ಎತ್ತಿ ಆಚೆಗೆ ಹಾಕಲಾಗದೆ ಕೂತವನೂ ನಾನೇ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅಪ್ಪನ ಉಬ್ಬಸ ಹೆಚ್ಚಿತು. ಆಸ್ಪತ್ರೆ ಹತ್ತಿರವಿರಲಿ ಎಂದು ಅಪ್ಪ ಅವ್ವ ಇಬ್ಬರನ್ನೂ ಉಮ್ಮತ್ತೂರಿನಿಂದ ಚಾಮರಾಜನಗರದ ನಮ್ಮ ಬಾಡಿಗೆ ಮನೆಗೆ ಕರೆತಂದೆ. ಎರಡನೇ ಮಹಡಿ, ಒಂದು ರೂಮು, ಒಂದು ಹಾಲು. ಗಾಳಿ ಬರಲೆಂದು ರೂಮಿನ ಕಿಟಕಿಯ ಪಕ್ಕದಲ್ಲೇ ಅಪ್ಪನ ಮಂಚ ಹಾಕಿದೆ. ಆ ಕಿಟಕಿಯ ಸಜ್ಜದಲ್ಲಿ ಪಾರಿವಾಳಗಳು ನಮಗಿಂತ ಮೊದಲಿನಿಂದಲೇ ಬಾಡಿಗೆ ಇಲ್ಲದೆ ವಾಸವಾಗಿದ್ದವು. ಡಾಕ್ಟರು ಅಪ್ಪನ ಎದೆಗೆ ಕಿವಿಕೊಟ್ಟು, ಮನೆಯ ಹತ್ತಿರ ಪಾರಿವಾಳ ಇವೆಯೇ ಎಂದು ಮೊದಲು ಕೇಳಿದರು. ಒಣಗಿದ ಹಿಕ್ಕೆಯ ಧೂಳು ಇಂಥ ಎದೆಗೆ ವಿಷವಂತೆ. ಇವತ್ತೇ ತೆಗೆಸಿ ಎಂದರು.

ಮನೆಗೆ ಬಂದವನೇ ಮುಖಕ್ಕೆ ಟವೆಲ್ ಬಿಗಿದು, ಪೊರಕೆ ಹಿಡಿದು ಸ್ಟೂಲು ಹತ್ತಿದೆ. ಎರಡು ಮೊಟ್ಟೆ ಇದ್ದವು. ತಾಯಿ ಹಕ್ಕಿ ಹಾರಲೂ ಇಲ್ಲ. ಕುತ್ತಿಗೆ ಉಬ್ಬಿಸಿ ನನ್ನನ್ನೇ ನೋಡಿತು. ಕೆಳಗಿನಿಂದ, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಾ ಅಪ್ಪ ಹೇಳಿದರು:

"ಬುಡ್ಲಾ, ಮೊಟ್ಟೆ ಇಟ್ಟದ ಕಣ. ಮರಿ ಆರೋಗ್ಲಿ. ನಾನೇನ್ ನಾಳೀಕೇ ಸಾಯ್ತೀನಾ?"

ಇದು ಅಪ್ಪನ ಹಳೆಯ ನೇಮ. ಉಳುವಾಗ ಗೌಜಲಕ್ಕಿಯ ಗೂಡು ಸಿಕ್ಕಿದರೆ ನೇಗಿಲನ್ನು ಎತ್ತಿ, ಅದರಾಚೆಗೆ ಊರಿಕೊಂಡು ಹೋಗುತ್ತಿದ್ದರು. ಉತ್ತ ಹೊಲದ ನಡುವೆ ಮೊರದಗಲ ಹುಲ್ಲು ಹಾಗೇ ನಿಂತಿರುತ್ತಿತ್ತು. ಮೊಟ್ಟೆ ಇರುವ ಗೂಡಿಗೆ ಕೈ ಹಾಕಬಾರದು ಎಂಬುದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡದೆ ಬಂದ ಮಾತು. ನಾನು ಪೊರಕೆ ಕೆಳಗಿಟ್ಟೆ. ಮಂಚವನ್ನು ಹಾಲಿಗೆ ಎಳೆದೆವು. ಅಲ್ಲಿ ಒಗ್ಗರಣೆಯ ಘಾಟಿಗೆ ಅಪ್ಪನ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಂತಾಗಿ, ಎರಡೇ ದಿನಕ್ಕೆ ಮತ್ತೆ ರೂಮಿಗೆ ಬಂದೆವು. ಕಿಟಕಿ ಮುಚ್ಚಿದರೆ ಜೀವ ಹೋದಂತಾಗುತ್ತದೆ ಎಂದು ಅವರೇ ತೆರೆಸುತ್ತಿದ್ದರು.

ಲೆಕ್ಕ ಹಾಕಿದೆ. ಮೊಟ್ಟೆ ಒಡೆಯಲು ಹದಿನೆಂಟು ದಿನ, ಮರಿ ಹಾರಲು ಇನ್ನೊಂದು ತಿಂಗಳು. ಅಷ್ಟು ಗಡುವು ಕೊಟ್ಟು, ಆಮೇಲೆ ಯಾರಿಗೂ ನೋವಾಗದಂತೆ ಖಾಲಿ ಮಾಡಿಸುವುದು. ಆ ಗಡುವಿನಲ್ಲಿ ನಾನು ಅಹಿಂಸೆಯ ಸಂಶೋಧನೆ ಶುರುಮಾಡಿದೆ. ಮೂಲೆಗೆ ರಬ್ಬರ್ ಹಾವು ಇಟ್ಟೆ. ಗಂಡು ಪಾರಿವಾಳ ಅದರ ಮೇಲೆ ಕೂತು ವಿಶ್ರಾಂತಿ ತೆಗೆದುಕೊಂಡಿತು. ಸಿಡಿ ನೇತುಹಾಕಿದೆ, ಅದರಲ್ಲಿ ತನ್ನ ಮುಖ ನೋಡಿಕೊಂಡು ಗುಟುರು ಹಾಕಿತು. ಕೊನೆಗೆ ಗುಂಡ್ಲುಪೇಟೆಗೆ ಹೋಗಿ, ಒಬ್ಬ ಮಲಯಾಳಿಯ ಅಂಗಡಿಯಲ್ಲಿ ನೈಲಾನ್ ಬಲೆ ಕೊಯ್ಯಿಸಿ ತಂದೆ. ಒಳಗೆ ಮರಿ ಇದ್ದಾಗ ಮಾತ್ರ ಕಟ್ಟಬೇಡಿ, ಹೊರಗೆ ತಾಯಿ ಒಳಗೆ ಮರಿ ಆಗಿ ಸಾಯುತ್ತವೆ ಎಂದು ಅವರು ಎಚ್ಚರಿಸಿದರು. ಪುಣ್ಯಾತ್ಮರು, ನನಗಿಂತ ಒಳ್ಳೆಯ ಮೇಷ್ಟ್ರು. ಬಲೆಯನ್ನು ಮಡಚಿ ಬೀರುವಿನ ಮೇಲಿಟ್ಟು ಕಾದೆ.

ಪಾಠ ಮಾಡುವವನಿಗೆ ಪಾಠ ಮರೆಯುವುದೂ ಉಂಟು. ಮೊದಲ ಮರಿಗಳು ಹಾರುವ ಮೊದಲೇ ಪಾರಿವಾಳ ಮತ್ತೆರಡು ಮೊಟ್ಟೆ ಇಡುತ್ತದೆ. ಅದೇ ಸಜ್ಜದ ಇನ್ನೊಂದು ತುದಿಯಲ್ಲಿ ಹಾಗೇ ಆಯಿತು. ನಾನು ಅಪ್ಪನ ಮುಖ ನೋಡಿದೆ. ಅವರು ಕೈಯಾಡಿಸಿದರು, ಇರಲಿ ಎಂಬಂತೆ. ಮತ್ತೊಂದು ಗಡುವು ಕೊಟ್ಟೆವು. ದಿನವೂ ಒದ್ದೆ ಬಟ್ಟೆಯಲ್ಲಿ ಸಜ್ಜ ಒರೆಸುತ್ತಿದ್ದೆ. ಅಪ್ಪ ಮಾತ್ರ ದಿಂಬಿಗೆ ಒರಗಿದವರು ಮಲಗುವುದನ್ನೇ ಬಿಟ್ಟರು.

ಆಷಾಢದಲ್ಲಿ ಕೊನೆಯ ಮರಿ ಹಾರಿದ ದಿನವೇ ಸಜ್ಜ ತೊಳೆದು ಬಲೆ ಬಿಗಿದೆ. ಅಷ್ಟಕ್ಕೇ ಬಿಡಲಿಲ್ಲ. ತಾರಸಿಯ ಮೇಲೆ ಕೂತು ಮತ್ತೆ ಜಾಗ ಹುಡುಕಿಯಾವು ಎಂದು ಕೆಟ್ಟ ಕ್ಯಾಸೆಟ್ಟುಗಳ ಟೇಪು ಎಳೆದು, ಈ ಗೋಡೆಯಿಂದ ಆ ಗೋಡೆಗೆ ಹತ್ತಾರು ಎಳೆ ಕಟ್ಟಿದೆ. ಆಷಾಢದ ಗಾಳಿಗೆ ಅವು ಗುಂಯ್ ಎನ್ನುತ್ತಿದ್ದವು. ಒಂದು ಹಕ್ಕಿಯೂ ಇಳಿಯಲಿಲ್ಲ. ಇಷ್ಟು ಸಂಪೂರ್ಣ ಗೆಲುವು ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಬಲೆ ಬಿಗಿದ ಹತ್ತೊಂಬತ್ತನೇ ದಿನ ಅಪ್ಪ ತೀರಿಕೊಂಡರು.

ಮಣ್ಣು ಮಾಡಿದ್ದು ಉಮ್ಮತ್ತೂರಿನ ನಮ್ಮ ಹೊಲದಲ್ಲಿ. ಹನ್ನೊಂದನೇ ದಿನದ ತಿಥಿ ಮಾತ್ರ ಅವರು ಉಸಿರು ಬಿಟ್ಟ ಮನೆಯಲ್ಲೇ ಆಗಲಿ ಎಂದು ನಾನು ಹಟ ಹಿಡಿದೆ. ತಾರಸಿಯಲ್ಲಿ ಬಾಳೆಲೆ ಹಾಸಿ, ಮುದ್ದೆ, ಬಾಡಿನ ಸಾರು, ಅನ್ನ, ಎಲೆಯಡಿಕೆ, ಒಂದು ಕಟ್ಟು ಬೀಡಿ ಎಡೆ ಇಟ್ಟೆವು. ಉಬ್ಬಸದವರಿಗೆ ಬೀಡಿ ಬೇಡ ಎಂದು ಹೇಳುವವರು ಈಗ ಯಾರೂ ಇರಲಿಲ್ಲ. ಕಾಗೆ ಬಂದು ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಹನ್ನೆರಡಾಯಿತು, ಒಂದಾಯಿತು. ಕಾಗೆಗಳು ಆಚೆ ಮನೆಯ ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತು ನಮ್ಮನ್ನು ನೋಡುತ್ತಿದ್ದವು.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಏನೋ ಆಸೆ ಉಳಿಸಿಕೊಂಡು ಹೋಗಿದ್ದಾನೆ, ಒಬ್ಬೊಬ್ಬರೂ ಮಾತು ಕೊಡಿ ಎಂದರು. ತಾವೇ ಮೊದಲಾಗಿ, ಬದುವಿನ ಬೇವಿನ ಮರದ ತಂಟೆಗೆ ಇನ್ನು ಬರುವುದಿಲ್ಲ ಎಂದು ಕೈಮುಗಿದರು. ಆ ಮರಕ್ಕಾಗಿ ಇಬ್ಬರೂ ಎಂಟು ವರ್ಷ ಮಾತು ಬಿಟ್ಟಿದ್ದರು. ನನ್ನ ಹೆಂಡತಿ, ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದಳು. ಕಾಗೆ ಬರಲಿಲ್ಲ. ನನ್ನ ಸರದಿ ಬಂತು. ಆ ಗೂಡನ್ನು ಮೊದಲ ದಿನವೇ ಕೀಳಬೇಕಿತ್ತಪ್ಪ, ಹಕ್ಕಿಗೆ ತೋರಿಸಿದ ಕರುಣೆಯನ್ನು ನಿಮಗೆ ತೋರಿಸಲಿಲ್ಲ ಎನ್ನುವುದು ಬಾಯಿಯವರೆಗೂ ಬಂತು. ಇಪ್ಪತ್ತು ಜನ ನಿಂತಿದ್ದರು. ತಪ್ಪಾಯ್ತು ಎಂದಷ್ಟೇ ಅಂದೆ.

ಆಗ ಗಾಳಿ ಬೀಸಿತು, ನೆತ್ತಿಯ ಮೇಲೆ ಗುಂಯ್ ಎಂದಿತು. ತಲೆಯೆತ್ತಿದೆ. ನನ್ನ ಟೇಪುಗಳು. ಅಪ್ಪನಿಗೆ ಸಿಟ್ಟಿಲ್ಲ, ದಾರಿ ಕಟ್ಟಿದವನು ನಾನು ಎಂದು ಒಂದು ಗಳಿಗೆ ಹಗುರವಾಯಿತು. ದೊಡ್ಡಪ್ಪನಿಗೆ ಹೇಳಿದೆ. ಅವರು ತಲೆಯೆತ್ತಿ ಟೇಪುಗಳನ್ನು ನೋಡಿದರು.

"ಕಾಗೆ ಬರ್ದಂಗೆ ಕಟ್ಬುಟ್ಟು ಕಾಗೆ ಕರೀತಾ ಇದ್ದೀಯಲ್ಲಾ."

ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿದೆ. ಕಾಗೆಗಳು ಆದರೂ ಬರಲಿಲ್ಲ. ಅವುಗಳ ನೆನಪು ಗಟ್ಟಿ ಎಂದು ಪಾಠ ಮಾಡಿದ್ದೂ ನಾನೇ. ಕೊನೆಗೆ ಎಡೆಯನ್ನು ಕುಕ್ಕೆಯಲ್ಲಿಟ್ಟುಕೊಂಡು, ಟೆಂಪೋದಲ್ಲಿ ಎಲ್ಲರೂ ಉಮ್ಮತ್ತೂರಿಗೆ ಹೋದೆವು. ಅಪ್ಪನನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ ಎಲೆ ಹಾಸಿ ಮುಗಿಸುವ ಮೊದಲೇ ಮೂರು ಕಾಗೆ ಇಳಿದು ಬಾಡಿನ ಚೂರಿಗೆ ಕಿತ್ತಾಡಿದವು. ದೊಡ್ಡಪ್ಪ ಕಣ್ಣೊರೆಸಿಕೊಂಡರು. ಜನ ಊಟಕ್ಕೆ ಎದ್ದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಹಸಿದ ಕಾಗೆ ಊಟ ಮಾಡಿತು. ನಾನು ಕೇಳಬೇಕಾಗಿದ್ದುದು ಕಾಗೆಯನ್ನಲ್ಲ.

ಅವ್ವ ಗುಡ್ಡೆಯ ಪಕ್ಕ ಕೂತೇ ಇದ್ದಳು. ಆ ಗೂಡು ಆವತ್ತೇ ಕಿತ್ತಿದ್ದರೆ ಅಪ್ಪ ಉಳಿಯುತ್ತಿದ್ದರಾ ಎಂದು ಕೇಳಿಬಿಟ್ಟೆ. ಇಲ್ಲ ಎನ್ನುತ್ತಾಳೆ ಎಂದು ಆಸೆಯಿತ್ತು. ಅವಳು ಮಣ್ಣಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿಮಾಡುತ್ತಾ ಯೋಚಿಸಿದಳು.

"ಇನ್ನೊಂದ್ ತಿಂಗ್ಳು ಇರ್ತಿದ್ರೇನೋ ಕಣ. ಇದ್ರೂ ನಿನ್ ಮೊಕ ನೋಡ್ತಿರ್ನಿಲ್ಲ. ಓಗು, ಉಣ್ಣೋಗು."

ಅದು ಸಮಾಧಾನವೋ ಬೈಗುಳವೋ ನನಗೆ ಈಗಲೂ ತಿಳಿದಿಲ್ಲ. ಬೀದಿಯವರು ನಮ್ಮ ಸಜ್ಜದ ಬಲೆ ನೋಡಿ ಉಪಾಯ ಕೇಳಲು ಬರುತ್ತಾರೆ. ಹಕ್ಕಿ ಮೊದಲ ಕಡ್ಡಿ ತಂದ ದಿನವೇ ಎತ್ತಿ ಹಾಕಿ, ಮತ್ತೆ ತಂದರೆ ಮತ್ತೆ ಎತ್ತಿ ಹಾಕಿ; ಅದೇ ಬೇಸತ್ತು ಬೇರೆ ಕಡೆ ಹೋಗುತ್ತದೆ, ಯಾರಿಗೂ ನೋವಿಲ್ಲ ಎಂದು ಹೇಳಿಕೊಡುತ್ತೇನೆ. ಮೊಟ್ಟೆ ಇಟ್ಟುಬಿಟ್ಟಿದೆಯಲ್ಲ ಸಾರ್ ಎಂದರೆ, ಮನೆಯಲ್ಲಿ ಕೆಮ್ಮುವವರು ಯಾರಾದರೂ ಇದ್ದಾರೆಯೇ ಎಂದು ತಿರುಗಿ ಕೇಳುತ್ತೇನೆ. ಇದ್ದಾರೆ ಎಂದರೆ, ಅವರನ್ನೇ ಕೇಳಿ ನೋಡಿ ಎನ್ನುವ ಧೈರ್ಯ ನನಗಿಲ್ಲ. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತು.