ಸುಜಾತಾ ಬಾಯಿಯವರ ಹೊಸ ಆವೃತ್ತಿ

ಕರೆಂಟು ಹೋದರೆ ಚಹಾಕ್ಕೆ ಬಿಡುವು ಸಿಕ್ಕಿತೆಂದು ನಾವೆಲ್ಲ ನಗುತ್ತಿದ್ದೆವು. ಹೊಸ ತಂತ್ರಾಂಶ ಬಂದ ಮೇಲೆ ಸುಜಾತಾ ಬಾಯಿ ಮಾತ್ರ ನಿಂತಲ್ಲೇ ಕಲ್ಲಾಗುತ್ತಿದ್ದರು. ಮಟಕಿ ಎಂಬ ಊರಿನವರು, ಎಂಜಿನಿಯರಿಂಗ್ ಓದಿದವರು. ತೊಂಬತ್ತರ ದಶಕದಲ್ಲಿ ಆಳಂದದ ನಮ್ಮ ಕಂಪ್ಯೂಟರ್ ಕೇಂದ್ರದ ಸರ್ವರ್ ಅವರ ಸುಪರ್ದಿನಲ್ಲಿತ್ತು. ನಾವು ಪರೀಕ್ಷೆಯ ಅಂಕಗಳನ್ನು ಟೈಪು ಮಾಡುತ್ತಿದ್ದೆವು.

‘ಕರೆಂಟ್ ಹೋತಂದ್ರ ಸರ್ವರ್ ಬಂದ್ ಮಾಡ್ರಿ, ಬ್ಯಾಟರಿ ಉಳೀತದ. ಚಹಾ ಕುಡದು ಬರ್ರಿ’ ಎಂದು ಕಲಿಸಿದವರು ಅವರೇ. ಸರ್ವರಿನ ತಂತ್ರಾಂಶದ ಹಳೆಯ ಆವೃತ್ತಿ ಟೈಪಿಸಿದ್ದನ್ನು ಆಗಿಂದಾಗಲೇ ಡಿಸ್ಕಿಗೆ ಬರೆಯುತ್ತಿತ್ತು. ಮಾಲೀಕರಿಗೆ ಮನಸ್ಸಿಲ್ಲದಿದ್ದರೂ ಹಟ ಹಿಡಿದು ಅವರು ಹೊಸ ಆವೃತ್ತಿ ಹಾಕಿದರು. ಅದು ಚುರುಕು. ಆದರೆ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು ಬಿಡುವಾದಾಗ ಬರೆಯುತ್ತಿತ್ತು. ನಡುವೆ ಆರಿಸಿದರೆ ಅಂಕಗಳೇ ಹೋಗಬಹುದಿತ್ತು.

‘ಹಳೇದು ಉಂಡ ತಾಟು ಆಗಿಂದಾಗ ತೊಳೀತಿತ್ತು. ಇದು ಕೂಡಿಹಾಕಿ ತೊಳೀತದ. ನಡುವ ನೀರು ಬಂದ್ ಮಾಡಬ್ಯಾಡ್ರಿ’ ಎಂದು ಎಚ್ಚರಿಸಿದ್ದರು. ನಮ್ಮ ಕಿವಿ ಕೇಳಿತ್ತು, ಕೈ ಕೇಳಿರಲಿಲ್ಲ.

ಒಂದು ದಿನ ಸಂಜೆಯೊಳಗೆ ಅಂಕಗಳು ಗುಲ್ಬರ್ಗಾ ಮುಟ್ಟದಿದ್ದರೆ ಕೆಲಸ ಸೊಲ್ಲಾಪುರದ ಇನ್ನೊಂದು ಕೇಂದ್ರದವರ ಪಾಲಾಗುತ್ತಿತ್ತು. ಅಂದೇ ಕರೆಂಟು ಹೋಯಿತು. ಜೊತೆಗಾರ ಗುಂಡಪ್ಪ ಚಹಾಕ್ಕೆಂದು ಏಳುತ್ತಲೇ ಸರ್ವರಿನ ಗುಂಡಿ ಒತ್ತಿದ.

‘ಗುಂಡಪ್ಪಾ, ಬೆರಳ ಎತ್ತಬ್ಯಾಡ!’ ಎಂದು ಸುಜಾತಾ ಬಾಯಿ ಕೂಗಿದರು.

ಆ ಗುಂಡಿ ಒತ್ತಿ ಬಿಟ್ಟಾಗ ಮಾತ್ರ ಯಂತ್ರ ಆರುತ್ತಿತ್ತು. ಒತ್ತಿ ಹಿಡಿದಷ್ಟು ಹೊತ್ತು ಜೀವಂತ. ಬ್ಯಾಟರಿ ಕೂಗತೊಡಗಿತು. ಸುಜಾತಾ ಬಾಯಿ ಸರ್ವರಿನ ಕೀಲಿಮಣೆಗೆ ಬಾಗಿ, ಎಲ್ಲ ಬರೆದು ಮುಚ್ಚಿಕೊಳ್ಳುವ ಆಜ್ಞೆ ಕೊಟ್ಟರು. ಡಿಸ್ಕು ಗರಗರ ಎನ್ನುತ್ತಲೇ ಇತ್ತು.

‘ಮೂಗಿನ ಮ್ಯಾಲ ನೊಣ ಕುಂತದ್ರೀ ಬಾಯಿ!’ ಎಂದ ಗುಂಡಪ್ಪ.

‘ಕುಂದ್ರಲಿ. ಅದರ ಭಾರಕ್ಕ ನೀ ಬೀಳಂಗಿಲ್ಲ.’

  

ಇನ್ನು ಆರಿಸಬಹುದು ಎಂಬ ಸಾಲು ಪರದೆಯಲ್ಲಿ ಮೂಡಿತು. ‘ಈಗ ಬಿಡಪಾ’ ಎಂದರು. ಅವನಿಗೆ ಬಿಡಲಾಗಲಿಲ್ಲ, ಸೆಟೆದಿದ್ದ ಬೆರಳನ್ನು ಸುಜಾತಾ ಬಾಯಿಯೇ ಮೆಲ್ಲಗೆ ಬಿಡಿಸಿದರು.

ಒಂದು ಅಂಕವೂ ಹೋಗಿರಲಿಲ್ಲ. ಆದರೂ ಮಾಲೀಕರು ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿಸಿದರು.

‘ಎಲ್ಲಾ ಉಳಿಸೇನಲ್ರಿ?’ ಎಂದರು ಬಾಯಿ.

‘ಬಾಯಿ, ಉಳಿಸಿದ್ದು ಗುಂಡಪ್ಪನ ಬೆರಳು’ ಎಂದರು ಮಾಲೀಕರು.

ಮರುದಿನವೇ ಅವರು ಕೆಲಸ ಬಿಟ್ಟರು. ಬಸ್‌ಸ್ಟ್ಯಾಂಡಿನವರೆಗೆ ನಾನೂ ಹೋದೆ. ‘ಆ ಮಾಲೀಕಂದೇನ ಮನಸಿಗೆ ಹಚ್ಕೋತೀರಿ, ಸುಳ್ಳ ಮಾತದು’ ಎಂದೆ.

ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. ‘ಸುಳ್ಳಿದ್ರ ನಕ್ಕು ಇಲ್ಲೇ ಇರ್ತಿದ್ದೆ. ಖರೇ ಅದ ನೋಡು, ನಾ ಹಾಕಿದ್ದು ಒಂದ ಬೆರಳಿನ ಮ್ಯಾಲ ನಿಂತಿತ್ತು, ಅದಕ್ಕ ಹೊಂಟೇನಿ.’

ಬಸ್ಸು ಹೊರಟಿತು. ಆಮೇಲೆ ಅವರನ್ನು ನಾನು ಕಂಡಿಲ್ಲ.