ಬ್ರೇಕ್ ಮೇಡಂ ಕೊಡುತ್ತಿದ್ದ ಕಿತ್ತಳೆ ತೊಳೆ

ಹೆರಿಗೆ ರಜೆ ಮುಗಿದ ಮೇಲಿನ ಮೊದಲ ದೊಡ್ಡ ಕೆಲಸ. ಆ ಭಾನುವಾರ ಬೆಳಗ್ಗೆ ಅವಳು ಬಾಗಿಲ ತನಕ ಹೋಗುವುದು, ಮತ್ತೆ ಒಳಗೆ ಬರುವುದು. ಹಾಲು ಆರಿದೆಯೋ ಇಲ್ಲವೋ, ಮಗುವಿನ ಹಣೆ ಬೆಚ್ಚಗಿದೆಯೇನೋ.

"ನಿನ್ನ ಗಂಡನ್ನ ಸಾಕಿದ್ದೂ ನಾನೇ ಕಣೆ," ಎಂದರು ಅತ್ತೆ. "ಬದುಕೇ ಇದಾನಲ್ಲ? ಹೊರಡು."

ಒಂದು ದೊಡ್ಡ ಆಸ್ಪತ್ರೆಯ ಅಪಾಯಿಂಟ್‌ಮೆಂಟ್‌ಗಳನ್ನೆಲ್ಲ ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಬೇಕಿತ್ತು. ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದ: "ಇವತ್ತು ದಡ ಮುಟ್ಟಿಸಿದ್ರೆ ಟೀಮು ನಿಮ್ದು. ಇಲ್ಲಾಂದ್ರೆ ಬೇರೆಯವ್ರಿಗೆ ಕೊಡ್ತೀನಿ. ನಿಮಗೂ ಮನೇಲಿ ಮಗು ಇದೆ, ನೋಡಿ." ಆ 'ನೋಡಿ'ಯನ್ನು ಹೊತ್ತುಕೊಂಡೇ ಅವಳು ಆಫೀಸಿಗೆ ಬಂದು ಕೂತಳು.

ಕೀಬೋರ್ಡಿನ ಮೇಲೆ ಬೆರಳಿಟ್ಟಾಗ ಹಳೆಯ ಕೋಣೆಯೊಂದು ಕಣ್ಣಿಗೆ ಕಟ್ಟಿತು. ಮೊದಲ ಕೆಲಸದ ಕೋಣೆ. ಕಟಕಟ ಎನ್ನುವ ಫ್ಯಾನು, ಒದ್ದೆ ಕರ್ಚೀಫು ಒಣಗಿಸುವಷ್ಟು ಬಿಸಿಯಾಗುತ್ತಿದ್ದ ದಪ್ಪ ಮಾನಿಟರು, ಅದರ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತ ಕೂತ ಹಿರಿಯ ಇಂಜಿನಿಯರಮ್ಮ. ಎಲ್ಲರನ್ನೂ ತಡೆದು ನಿಲ್ಲಿಸುತ್ತಿದ್ದರಿಂದ ಹುಡುಗರು ಬೆನ್ನ ಹಿಂದೆ ಬ್ರೇಕ್ ಮೇಡಂ ಎನ್ನುತ್ತಿದ್ದರು. ಸರ್ವರ್ ಮುಟ್ಟುವ ಮೊದಲು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಕೆಟ್ಟರೆ ಮೊದಲಿನಂತೆ ಮಾಡುವುದು ಹೇಗೆಂದು ಬಾಯಿಬಿಟ್ಟು ಹೇಳಬೇಕು. ಅದು ಅವರ ಕಟ್ಟಪ್ಪಣೆ.

"ಹೋಗೋದು ಯಾರಿಗೆ ಬರಲ್ಲ? ವಾಪಸ್ ಹೆಂಗೆ ಬರ್ತೀಯ, ಅದನ್ನ ಹೇಳು. ಆಮೇಲೆ ತೊಳೆ ತಗೋ."

ಉತ್ತರ ತೊದಲಿದರೆ ತೊಳೆ ಮೇಡಂ ಬಾಯಿಗೇ ಹೋಗುತ್ತಿತ್ತು. ಮೊದಲ ತಿಂಗಳೆಲ್ಲ ಅವಳಿಗೆ ಸಿಕ್ಕಿದ್ದು ಸಿಪ್ಪೆಯ ವಾಸನೆ ಮಾತ್ರ.

ಈಗ ಅವಳು ಕೈಗಳನ್ನು ತೊಡೆಯ ಮೇಲಿಟ್ಟು, ಹಿಂದಿರುಗುವ ಹೆಜ್ಜೆಗಳನ್ನು ಗಟ್ಟಿಯಾಗಿ ಹೇಳಿದಳು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. "ಮೇಡಂ, ಪ್ರಾರ್ಥನೆ ಆಯ್ತಾ?"

"ಆಯ್ತಪ್ಪ. ಈಗ ಶುರು ಮಾಡಿ."

ಎಲ್ಲ ಸುಸೂತ್ರವಾಗಿ ಹೋಯಿತು. ಊಟದ ಹೊತ್ತಿಗೆ ಚಪ್ಪಾಳೆಯೂ ಬಿತ್ತು. ಆದರೂ ಮನಸ್ಸು ತಡೆಯದೆ ಅವಳು ಮಕ್ಕಳ ವಿಭಾಗದ ಪಟ್ಟಿ ತೆಗೆದು ನೋಡಿದಳು. ನಾಳೆ ಬೆಳಗ್ಗೆ ಬರಬೇಕಾದವರೆಲ್ಲ ಮಧ್ಯಾಹ್ನಕ್ಕೆ ಜಾರಿದ್ದರು. ಹೊಸ ಸರ್ವರಿನ ಗಡಿಯಾರ ಬೇರೆ ಯಾವುದೋ ದೇಶದ ಹೊತ್ತು ತೋರಿಸುತ್ತಿತ್ತು.

"ಸಣ್ಣ ವಿಷ್ಯ," ಎಂದ ಮ್ಯಾನೇಜರ್. "ನಾಳೆ ಹೊತ್ತಿಗೆ ಒಂದೊಂದೇ ಸರಿಮಾಡೋಣ. ಈಗ ಹಿಂದಕ್ಕೆ ಹೋದ್ರೆ ಮರ್ಯಾದೆ ಏನಾಗುತ್ತೆ?"

ಟೀಮು ಕೈಬಿಟ್ಟು ಹೋಗುವುದು ಅವಳಿಗೆ ಎದುರಿಗೇ ಕಂಡಿತು. ಅದರ ಹಿಂದೆಯೇ ಇನ್ನೊಂದೂ ಕಂಡಿತು: ನಾಳೆ ಬೆಳಗ್ಗೆ ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡು, ಬೆಳಗಿನ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ ಎನ್ನಿಸಿಕೊಂಡು ನಿಂತ ಯಾರೋ ಒಬ್ಬ ತಾಯಿ.

"ಒಂದೊಂದೇ ಸರಿಮಾಡೋವಾಗ ಒಂದು ತಪ್ಪಿಹೋದ್ರೂ, ನಾಳೆ ಆ ಮಗು ಬರೋ ತನಕ ಯಾರಿಗೂ ಗೊತ್ತಾಗಲ್ಲ ಸರ್. ವಾಪಸ್ ಹೋಗ್ತಿದೀವಿ," ಎಂದಳು. ಬೆಳಗ್ಗೆ ಹೇಳಿದ್ದ ಹೆಜ್ಜೆಗಳನ್ನೇ ಒಂದೊಂದಾಗಿ ಇಟ್ಟರು. ಸಂಜೆಯ ಕಾಫಿಗೆ ಮೊದಲೇ ಹಳೆಯ ಸರ್ವರ್ ಏನೂ ಆಗಿಲ್ಲವೆಂಬಂತೆ ಉಸಿರಾಡುತ್ತಿತ್ತು.

ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ಕಿಟಕಿಯ ಬಳಿ ನಿಂತಿದ್ದ. ಅವಳು ಚೀಲ ಹೆಗಲಿಗೇರಿಸಿದಾಗ ತಿರುಗದೆಯೇ ಕೇಳಿದ: "ಮುಂದಿನ ಭಾನುವಾರನೂ ನೀವೇ ಕೂತ್ಕೋತೀರ ತಾನೆ?"

ದಾರಿಯಲ್ಲಿ ಕಿತ್ತಳೆ ಕೊಂಡಳು. ಬಾಗಿಲು ತೆಗೆದ ಅತ್ತೆಯ ಸೊಂಟದಲ್ಲಿ ಮಗು ಕೇಕೆ ಹಾಕುತ್ತಿತ್ತು.

"ಆಯ್ತೇನೇ ಕೆಲಸ?"

"ಇಲ್ಲ ಅತ್ತೆ. ಹೋದ ಹಾಗೇ ವಾಪಸ್ ಬಂದ್ವಿ."

"ಅದಕ್ಯಾಕೆ ಇಷ್ಟು ನಗು?"

"ವಾಪಸ್ ಬರೋ ದಾರಿ ಗೊತ್ತಿತ್ತಲ್ಲ ಅತ್ತೆ," ಎನ್ನುತ್ತ ಅವಳು ಕಿತ್ತಳೆ ಸುಲಿದು, ಒಂದು ತೊಳೆ ಬಿಡಿಸಿ ಅತ್ತೆಯ ಕೈಗಿಟ್ಟಳು.